ಊರಿಗೆಲ್ಲ ಚಾಕು, ಅತ್ತೆಗೆ ಈಳಿಗೆ

ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನಷ್ಟು ಆಯುಧಗಳನ್ನು ಹಂಚಿದ ಮನುಷ್ಯ ಇನ್ನೊಬ್ಬರಿಲ್ಲ. ಹಾಗೆಂದು ಗಾಬರಿಯಾಗಬೇಡಿ. ಅವರ ಆಯುಧಗಳಿಂದ ಇಂದಿನವರೆಗೆ ಗಾಯಗೊಂಡಿರುವುದು ಬದನೆಕಾಯಿ, ಹುರುಳಿಕಾಯಿ ಮತ್ತು ನನ್ನ ಸ್ವಾಭಿಮಾನ, ಈ ಮೂರು ಮಾತ್ರ! ಮೊದಲೆರಡಕ್ಕೆ ನೋವಾಗುತ್ತದೆಯೋ ಇಲ್ಲವೋ ನಾನರಿಯೆ. ಮೂರನೆಯದಕ್ಕಾದ ನೋವನ್ನು ಮುಂದೆ ಯಥಾವತ್ತಾಗಿ ನಿವೇದಿಸಿಕೊಳ್ಳುತ್ತೇನೆ.

ಅನ್ಯಾಯವನ್ನು ಕಂಡಲ್ಲಿ ಅದರ ಹೆಸರು ಹಿಡಿದು ಕೂಗುವುದು ನನ್ನ ಅಭ್ಯಾಸ. ನಾನು ಓದಿದ ಶಾಲೆಯೇ ಅಂಥದ್ದು. ಅಲ್ಲಿ ಬೆಳಗಿನ ಪ್ರಾರ್ಥನೆಯ ಬದಲಿಗೆ ಸಂವಿಧಾನದ ಪ್ರಸ್ತಾವನೆಯನ್ನು ಓದಿಸುತ್ತಿದ್ದರು, ಬಿಡುವಿನ ವೇಳೆಯಲ್ಲಿ ನಾವು ಗೋಲಿಯಾಡುವ ಬದಲು ಚರ್ಚೆಯಾಡುತ್ತಿದ್ದೆವು. ಮಾವ ಓದಿದ್ದು ಏಳನೆಯ ತರಗತಿ. ಅಲ್ಲಿಂದ ನೇರವಾಗಿ ಹೊನ್ನಾಳಿಯ ಸಾಮಿಲ್ಲೊಂದನ್ನು ಸೇರಿ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಗರಗಸದ ಹಲ್ಲುಗಳನ್ನು ಮಸೆದರು. ದಿಮ್ಮಿ ಸೀಳುವ ಆ ಉದ್ದನೆಯ ಉಕ್ಕಿನ ಪಟ್ಟಿ ಸವೆದು ತುಂಡಾದಾಗ ಉಳಿದವರು ಅದನ್ನು ಗುಜರಿಗೆ ಎಸೆಯುತ್ತಿದ್ದರು; ಮಾವ ಬಗಲಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು.

ಆ ಮಿಲ್ಲಿನಲ್ಲಿ ಕೆಲಸಗಾರರ ಕಣ್ಣಿಗೆ ಒಂದು ರಕ್ಷಣೆಯ ಕನ್ನಡಕವನ್ನೂ ಕೊಡದೆ ದುಡಿಸಿಕೊಳ್ಳುತ್ತಿದ್ದದ್ದು ಶುದ್ಧ ಅನ್ಯಾಯ. ನಾನು ಮನವಿ ಬರೆದೆ, ಸಹಿ ಸಂಗ್ರಹಿಸಿದೆ, ಕಚೇರಿಯ ಮೆಟ್ಟಿಲುಗಳನ್ನು ಅವು ಸವೆಯುವಷ್ಟು ಬಾರಿ ಹತ್ತಿದೆ. ಕೊನೆಗೊಮ್ಮೆ ಕನ್ನಡಕಗಳು ಬಂದವು. ಗೆಲುವಿನ ಸಂಭ್ರಮದಲ್ಲಿ ಮಾವನ ಮನೆಗೆ ಧಾವಿಸಿದರೆ, ಅವರು ಆ ಕನ್ನಡಕವನ್ನು ಧರಿಸಿ ಹಿತ್ತಿಲಲ್ಲಿ ಕುಳಿತು, ಹೊಸ ಚಾಕಿನ ಪರೀಕ್ಷೆಗೆಂದು ಈರುಳ್ಳಿ ಹೆಚ್ಚುತ್ತಿದ್ದರು. "ಭಾಳ ಚಲೋ ಕೆಲಸ ಮಾಡಿದಿ ಅಳಿಯಾ. ಕಣ್ಣಾಗೆ ಒಂದು ಹನಿ ನೀರು ಬರ್ಲಿಲ್ಲ ನೋಡು."

ಕೆಲಸದಿಂದ ನಿವೃತ್ತರಾದ ಮೇಲಂತೂ ಹಿತ್ತಿಲಿನ ತಗಡಿನ ಶೆಡ್ಡೇ ಅವರ ಸಾಮ್ರಾಜ್ಯವಾಯಿತು. ಅಂಗೈಯಷ್ಟೇ ಉದ್ದದ ಅಲಗು. ಅದಕ್ಕೊಂದು ಮರದ ಹಿಡಿ. ಹಿಡಿಯೆಂದರೆ ಬರಿಯ ಹಿಡಿಯಲ್ಲ! ಒಂದು ಗಿಳಿಯಾಗಿರುತ್ತದೆ, ಇನ್ನೊಂದು ಮಾವಿನಕಾಯಿ, ಮತ್ತೊಂದು ಬಾಲ ಸುತ್ತಿಕೊಂಡು ಮಲಗಿದ ಅಳಿಲು. ಅದರ ಮೈಯಲ್ಲಿ ಸಣ್ಣ ಸಣ್ಣ ಗುಳಿ ತೋಡಿ, ಕಾಯಿಸಿದ ಅರಗು ತುಂಬಿ, ಒಡೆದ ಗಾಜಿನ ಬಳೆಯ ಚೂರುಗಳನ್ನು ಕೂರಿಸುತ್ತಾರೆ. ಹೆಬ್ಬೆರಳು ಒರಗಲೆಂದು ಪಕ್ಕದಲ್ಲೊಂದು ಕುಳಿ. ಅಲಗನ್ನು ಒಂದೇ ಮಗ್ಗುಲಿಗೆ ಸಾಣೆ ಹಿಡಿಯುವುದು ಅವರ ಸ್ವಂತ ಪದ್ಧತಿ. ಹಾಗೆ ಮಾಡಿದರೆ ಹೆಚ್ಚಿದ ಹೋಳು ಅಲಗಿಗೆ ಅಂಟದೆ ತಾನಾಗಿಯೇ ಆಚೆಗೆ ಬೀಳುತ್ತದೆಯಂತೆ.

ಒಮ್ಮೆ ಕಪ್ಪುಗೆಂಪಿನ, ಕನ್ನಡಿಯಂತೆ ಹೊಳೆಯುವ ಹಿಡಿಯೊಂದನ್ನು ಕಂಡು ನನ್ನ ಪರಿಸರಪ್ರಜ್ಞೆ ಥಟ್ಟನೆ ಎಚ್ಚೆತ್ತಿತು. ಇದು ಬೀಟೆಯಲ್ಲವೇ? ಬೀಟೆಯನ್ನು ಕಡಿಯುವುದು ಅಪರಾಧವಲ್ಲವೇ? ಇದಕ್ಕೆ ಪರವಾನಗಿ ಎಲ್ಲಿದೆ? ಮೂರನ್ನೂ ಒಂದೇ ಉಸಿರಿಗೆ ಕೇಳಿದೆ. ಮಾವ ಅರಗು ಕಾಯಿಸುವುದನ್ನು ನಿಲ್ಲಿಸಲಿಲ್ಲ. "ನಿಮ್ಮಜ್ಜಿ ಮಂಚದ ಕಾಲು ಕಣೋ ಅದು. ಪರವಾನಗಿ ಬೇಕಂದ್ರೆ ಆಕೆನ್ನೇ ಕೇಳ್ಬೇಕು." ಅಜ್ಜಿ ತೀರಿಕೊಂಡು ಹದಿನಾಲ್ಕು ವರ್ಷಗಳಾಗಿದ್ದವು. ವಿಚಾರಣೆಯನ್ನು ಅಲ್ಲಿಗೇ ಮುಕ್ತಾಯಗೊಳಿಸಬೇಕಾಯಿತು.

ಆದರೆ ಮಾವನ ನಿಜವಾದ ವಿಲಕ್ಷಣತೆ ಇರುವುದು ಅಳತೆ ತೆಗೆದುಕೊಳ್ಳುವುದರಲ್ಲಿ. ದರ್ಜಿಗೆ ಟೇಪಿದೆ, ಚಪ್ಪಲಿ ಹೊಲಿಯುವವರಿಗೆ ಕಾಗದವಿದೆ. ಕೈಯ ಹಿಡಿತಕ್ಕೆ ಯಾವ ಅಳತೆಗೋಲಿದೆ ಹೇಳಿ? ಚಾಕು ಬೇಕೆಂದು ಬಂದವರ ಕೈಗೆ ಅವರು ಕಲಸಿದ ರಾಗಿಹಿಟ್ಟಿನ ಉಂಡೆಯೊಂದನ್ನು ಕೊಟ್ಟು, ಇದನ್ನೇ ಚಾಕೆಂದು ತಿಳಿದು ಬಿಗಿಯಾಗಿ ಹಿಡಿಯಿರಿ ಎನ್ನುತ್ತಿದ್ದರು. ಬೆರಳುಗಳ ಗುರುತು ಮೂಡಿದ ಆ ಉಂಡೆಯನ್ನು ಬಿಸಿಲಿಗೆ ಒಣಗಿಸಿ, ಅದರ ಉಬ್ಬುತಗ್ಗುಗಳನ್ನೇ ಮರದಲ್ಲಿ ಕೆತ್ತುತ್ತಿದ್ದರು. ಹಸಿದವರಿರುವ ನಾಡಿನಲ್ಲಿ ಆಹಾರಧಾನ್ಯವನ್ನು ಹೀಗೆ ವ್ಯರ್ಥಗೊಳಿಸುವುದು ಸಲ್ಲದೆಂದು ನಾನು ಮುಕ್ಕಾಲು ಗಂಟೆ ವಾದಿಸಿದೆ. ಮರುವಾರವೇ ಉಂಡೆ ಕೆರೆಯ ಜೇಡಿಮಣ್ಣಿಗೆ ಬದಲಾಯಿತು! ನನ್ನ ಹೋರಾಟಗಳಲ್ಲಿ ಅಪ್ಪಟವಾಗಿ ಗೆದ್ದದ್ದು ಇದೊಂದೇ ಎಂದು ಹೆಮ್ಮೆಪಡುತ್ತಿದ್ದೆ. ರಾಗಿಯ ಮುಷ್ಟಿಗಳನ್ನೆಲ್ಲ ಇಲಿಗಳು ತಿಂದು ಮುಗಿಸುತ್ತಿದ್ದದ್ದೇ ಅದಕ್ಕೆ ಕಾರಣವೆಂದು ಅತ್ತೆ ಆಮೇಲೆ ತಿಳಿಸಿದರು.

ಒಣಗಿದ ಮಣ್ಣಿನ ಮುಷ್ಟಿಗಳೆಲ್ಲ ಶೆಡ್ಡಿನ ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಕೂತಿರುತ್ತವೆ. ಅಡಿಕೆ ಮಂಡಿಯ ಯಜಮಾನರ ಮುಷ್ಟಿ, ಅದರ ಪಕ್ಕದಲ್ಲಿ ಬೀದಿ ಗುಡಿಸುವಾಕೆಯ ಮುಷ್ಟಿ, ಅದಕ್ಕೊರಗಿಕೊಂಡು ಪೂಜಾರಿಗಳ ಮುಷ್ಟಿ. ನಮ್ಮ ಊಟದ ಪಂಕ್ತಿಗಳಲ್ಲಿ ಎಷ್ಟು ಭಾಷಣ ಮಾಡಿದರೂ ಇನ್ನೂ ಪೂರ್ತಿಯಾಗಿ ಆಗದಿರುವುದು ಆ ಹಲಗೆಯ ಮೇಲೆ ಯಾವ ಭಾಷಣವೂ ಇಲ್ಲದೆ ಆಗಿಬಿಟ್ಟಿತ್ತು. ಇದನ್ನು ಮಾವನಿಗೆ ಹೇಳಿದಾಗ ಅವರು ಧೂಳು ಒರೆಸುತ್ತ, ಇರುವುದೇ ಒಂದು ಹಲಗೆಯಲ್ಲವೇ ಎಂದರು.

ಮುಷ್ಟಿಯನ್ನು ನೋಡಿ ಮನುಷ್ಯನನ್ನು ಹೇಳುವುದು ಅವರ ಇನ್ನೊಂದು ವಿದ್ಯೆ. ಗುಮಾಸ್ತರೊಬ್ಬರ ಮುಷ್ಟಿಯನ್ನು ತಿರುವಿ ನೋಡಿ, ನೀವು ಸಿಟ್ಟು ಬಂದಾಗಲಷ್ಟೇ ಅಡುಗೆಮನೆಗೆ ಹೋಗುತ್ತೀರಿ ಎಂದರಂತೆ. ಗುಮಾಸ್ತರ ಹೆಂಡತಿ ಅಲ್ಲೇ ಕೈಮುಗಿದರಂತೆ. ನನ್ನ ಸರದಿಯೂ ಬಂತು. ಆ ವೇಳೆಗೆ ನಾನು 'ಅಡುಗೆಮನೆಯ ಅಸಮಾನತೆ' ಎಂಬ ವಿಷಯದ ಮೇಲೆ ನಾಲ್ಕು ತಾಲ್ಲೂಕುಗಳಲ್ಲಿ ಉಪನ್ಯಾಸ ನೀಡಿ ಬಂದಿದ್ದೆ. ಮಾವ ನನ್ನ ಉಂಡೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಳಿಯಾ, ಈ ಕೈ ಮೈಕು ಹಿಡಿದೈತೆ. ಚಾಕು ಹಿಡಿದಿಲ್ಲ."

ಇದನ್ನು ನನ್ನ ಹೆಂಡತಿಯ ಎದುರಿಗೇ ಹೇಳುವ ಅಗತ್ಯವಿತ್ತೇ? ಆಕೆಗೆ ಗಿಳಿಯ ಹಿಡಿಯ ಚಾಕು ಸಿಕ್ಕಿತು. ನನಗೆ ಮೂರು ತಿಂಗಳು ಮನೆಯಲ್ಲಿ ತರಕಾರಿ ಹೆಚ್ಚಿ ಬರಬೇಕೆಂಬ ಶಿಕ್ಷೆ ಸಿಕ್ಕಿತು. ಅನ್ಯಾಯವೆಂದು ಕೂಗಲು ಬಾಯಿ ತೆರೆದೆ. ಯಾವ ಅನ್ಯಾಯವೆಂದು ಹೆಸರಿಸಲು ತೋಚದೆ ಬಾಯಿ ಮುಚ್ಚಿದೆ. ನನ್ನ ಜೀವನದಲ್ಲಿ ಹಾಗಾದದ್ದು ಅದೇ ಮೊದಲು.

ಇಂತಿಪ್ಪ ಮಾವನಿಗೆ ಒಂದೇ ಒಂದು ಕೊರಗು. ಊರಿನವರೆಲ್ಲ ಅವರ ಚಾಕಿನಲ್ಲಿ ಹೆಚ್ಚುತ್ತಾರೆ. ಅವರ ಹೆಂಡತಿ, ಅಂದರೆ ನಮ್ಮ ಅತ್ತೆ, ಒಂದನ್ನೂ ಮುಟ್ಟುವುದಿಲ್ಲ! ಪ್ರತಿ ಯುಗಾದಿಗೆ ಮಾವ ಅತ್ತೆಗೊಂದು ಹೊಸ ಚಾಕು ಮಾಡುತ್ತಾರೆ. ಅತ್ತೆ ಅದನ್ನು ತಿರುಗಿಸಿ ನೋಡಿ, "ಚಂದ ಐತೆ ರೀ" ಎಂದು ಸೆರಗಿನಲ್ಲಿ ಒರೆಸಿ, ಸ್ಟೀಲಿನ ಡಬ್ಬಿಯಲ್ಲಿಟ್ಟು, ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ತರಕಾರಿ ಹೆಚ್ಚಲು ಕೂರುತ್ತಾರೆ. ಇಪ್ಪತ್ತೆರಡು ಯುಗಾದಿ, ಇಪ್ಪತ್ತೆರಡು ಚಾಕು, ಒಂದೇ ಈಳಿಗೆ.

ಅಲಂಕಾರ ಸಾಲದೆಂದು ಮಾವನ ತೀರ್ಮಾನ. ಆದ್ದರಿಂದ ಹಿಡಿಗಳು ವರ್ಷದಿಂದ ವರ್ಷಕ್ಕೆ ವೈಭವವನ್ನು ಪಡೆಯುತ್ತ ಹೋದವು. ಗಿಳಿ ನವಿಲಾಯಿತು, ನವಿಲು ಗರಿಗೆದರಿತು. ಒಂದು ವರ್ಷದ ಹಿಡಿಯಲ್ಲಿ ಎಷ್ಟು ಬಳೆಚೂರುಗಳಿದ್ದವೆಂದರೆ, ಅದನ್ನು ಬಿಸಿಲಿನಲ್ಲಿಟ್ಟರೆ ಎದುರುಮನೆಯ ಗೋಡೆಯ ಮೇಲೆ ಬಣ್ಣದ ಚುಕ್ಕೆಗಳು ಕುಣಿಯುತ್ತಿದ್ದವು. ನೀವು ಎಲ್ಲರ ಮುಷ್ಟಿಯ ಅಳತೆ ತೆಗೆಯುತ್ತೀರಲ್ಲ, ಅತ್ತೆಯದನ್ನು ತೆಗೆದಿದ್ದೀರಾ ಎಂದು ಒಮ್ಮೆ ಕೇಳಿದ್ದೆ. ಅವರಿಗೆ ನಗು ಬಂತು. "ಮೂವತ್ತೈದು ವರ್ಷ ಹಿಡಿದ ಕೈ ಅದು. ಅಳತೆ ಎದಕ್ಕೆ?"

ಈ ಕೊರಗನ್ನು ಹೊತ್ತುಕೊಂಡೇ ಅವರು ಪ್ರಪಂಚವನ್ನು ಗೆಲ್ಲುತ್ತಿದ್ದರು. ಚುನಾವಣೆಯ ಕಾಲದಲ್ಲೊಮ್ಮೆ ನ್ಯಾಮತಿಯ ಮಹಿಳಾ ಸಂಘದವರಿಗೆ ಹದಿನೆಂಟು ಚಾಕುಗಳನ್ನು ತಲುಪಿಸಲು ಇಬ್ಬರೂ ಬಸ್ಸಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ತಪಾಸಣೆ. ಪೊಲೀಸರೊಬ್ಬರು ಮಾವನ ಚೀಲ ಬಿಚ್ಚಿದರು. ಸುದ್ದಿಪತ್ರಿಕೆಯಲ್ಲಿ ಸುತ್ತಿದ ಹದಿನೆಂಟು ಚಾಕುಗಳು ಹೊರಬಂದವು. ಇಡೀ ಬಸ್ಸು ನಮ್ಮಿಂದ ಒಂದಡಿ ಆಚೆಗೆ ಸರಿಯಿತು. ನಾನು ಎದ್ದು ನಿಂತು ವ್ಯಕ್ತಿಸ್ವಾತಂತ್ರ್ಯದ ವಿಧಿಯನ್ನು ವಿವರಿಸತೊಡಗಿದೆ. ಅದುವರೆಗೆ ಸೌಮ್ಯವಾಗಿದ್ದ ಪೊಲೀಸರ ಮುಖ ಬಿಗಿಯಿತು. ಇಬ್ಬರನ್ನೂ ಕೆಳಗಿಳಿಸಿದರು.

ಮಾವ ಇಳಿದವರೇ ಅವರ ಕೈಯನ್ನು ದಿಟ್ಟಿಸಿ ನೋಡಿ, "ಸಾಹೇಬ್ರೆ, ಮನೇಲಿ ಅಡುಗಿ ಯಾರು ಮಾಡ್ತಾರ್ರೀ?" ಎಂದರು.

"ನಾನೇ ಮಾಡ್ಕಂತೀನಿ. ಹೆಂಡ್ರಿಗೆ ದಾವಣಗೆರೆಲಿ ಡ್ಯೂಟಿ ಐತೆ."

ಮಾವ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮಣ್ಣನ್ನು ಹೊರತೆಗೆದರು. ಐದು ನಿಮಿಷಗಳ ನಂತರ ಮೇಲಧಿಕಾರಿ ಬಂದು ನೋಡಿದಾಗ ಅವರ ಸಿಬ್ಬಂದಿ ರಸ್ತೆಬದಿಯಲ್ಲಿ ಕಣ್ಣು ಮುಚ್ಚಿಕೊಂಡು, ಭಕ್ತಿಯಿಂದ ಮಣ್ಣಿನ ಉಂಡೆಯನ್ನು ಹಿಸುಕುತ್ತಿದ್ದರು. ಬಸ್ಸು ಮತ್ತೆ ಹೊರಟಾಗ ಚೀಲದಲ್ಲಿ ಹದಿನೆಂಟು ಚಾಕುಗಳೂ ಇದ್ದವು, ಎರಡು ಪೊಲೀಸ್ ಮುಷ್ಟಿಗಳೂ ಇದ್ದವು. ವ್ಯಕ್ತಿಸ್ವಾತಂತ್ರ್ಯ ನನ್ನ ಗಂಟಲಲ್ಲೇ ಉಳಿದಿತ್ತು.

ಜಗಳೂರಿನ ಮದುವೆಯದು ಇನ್ನೊಂದು ಕಥೆ. ಜಗಳೂರು ಅತ್ತೆಯ ತವರು. ಮದುವೆ ಅವರ ಅಣ್ಣನ ಮಗಳದ್ದು. ಮುಯ್ಯಿ ಮಾಡುವ ಹೊತ್ತಿಗೆ ಮಾವ ಹೋಗಿ ಮದುಮಗಳ ಮುಂದಿನ ತಟ್ಟೆಯಲ್ಲಿ ಚಾಕನ್ನಿಟ್ಟರು. ಹಿರಿಯರ ಗುಂಪಿನಲ್ಲಿ ಗುಸುಗುಸು ಎದ್ದಿತು. ಚಾಕನ್ನು ಕೈಯಿಂದ ಕೈಗೆ ಕೊಟ್ಟರೇ ಜಗಳವಾಗುತ್ತದೆ ಎನ್ನುವ ಜನ. ಮದುವೆಯಲ್ಲಿ ಕೊಟ್ಟರೆ ಸುಮ್ಮನಿರುತ್ತಾರೆಯೇ? ಮೂಢನಂಬಿಕೆ! ನನ್ನ ರಕ್ತ ಕುದಿಯಿತು. ವಾಲಗದವರ ಮೈಕನ್ನು ಕಸಿದುಕೊಂಡು ವೈಜ್ಞಾನಿಕ ಮನೋಭಾವದ ಬಗ್ಗೆ ಎರಡು ವಾಕ್ಯ ಆಡುವಷ್ಟರಲ್ಲಿ ಮಾವ ಜೇಬಿನಿಂದ ಇನ್ನೊಂದು ಚಾಕನ್ನು ತೆಗೆದು ಮದುಮಗನ ಮುಂದಿಟ್ಟರು. "ಒಂದೇ ಕೊಟ್ರೆ ಜಗಳ. ಇಬ್ರಿಗೂ ಕೊಟ್ಟೀನಿ, ಇಬ್ರೂ ಹೆಚ್ಚಲಿ."

ಹುಡುಗನ ತಾಯಿಗೆ ರೇಗಿತು. "ನಮ್ಮ ಹುಡುಗ ಇವತ್ತಿನತನಕ ಚಾಕು ಮುಟ್ಟಿದೋನಲ್ಲ ರೀ."

"ಗೊತ್ತೈತೆ ತಾಯಿ. ಅದಕ್ಕೇ ಅವನದನ್ನ ಸ್ವಲ್ಪ ಮೊಂಡು ಇಟ್ಟೀನಿ."

ನಾನು ಮೈಕನ್ನು ವಾಲಗದವರಿಗೆ ಹಿಂದಿರುಗಿಸಿದೆ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಕೊಟ್ಟ ಚಾಕುಗಳ ಯೋಗಕ್ಷೇಮ ವಿಚಾರಿಸಲು ಮಾವ ಮುನ್ಸೂಚನೆಯಿಲ್ಲದೆ ಮನೆಮನೆಗೆ ಹೋಗುವುದುಂಟು. ಡ್ರಾಯರು ಎಳೆದು ನೋಡುತ್ತಾರೆ, ಕುಕ್ಕರಿನ ರಬ್ಬರು ಕೀಳಲು ಬಳಸಿದ ಗುರುತು ಕಂಡರೆ ಅಲ್ಲೇ ಜಪ್ತಿ. ಆರು ತಿಂಗಳ ಮೇಲೆ ನವದಂಪತಿಗಳ ಮನೆಗೆ ಹೋದಾಗ ಹುಡುಗಿಯ ಚಾಕು ಸವೆದಿತ್ತು, ಹುಡುಗನದು ಶೋಕೇಸಿನಲ್ಲಿ ಗೊಂಬೆಗಳ ನಡುವೆ ಥಳಥಳಿಸುತ್ತಿತ್ತು. ಮಾವ ಅದನ್ನು ಜೇಬಿಗಿಳಿಸಿಕೊಂಡು ಬಂದರು. ವರನಿಗೆ ಕೊಟ್ಟದ್ದನ್ನು ವಾಪಸು ತಂದ ಬೀಗರು ಭೂಮಂಡಲದಲ್ಲಿ ಇವರೊಬ್ಬರೇ ಇರಬೇಕು! ಮುಂದಿನ ತಿಂಗಳು ಆ ಹುಡುಗನೇ ಬಸ್ಸು ಹತ್ತಿ ಚನ್ನಗಿರಿಗೆ ಬಂದು, ಹಿತ್ತಿಲಿನಲ್ಲಿ ಎರಡು ಕಿಲೋ ಹುರುಳಿಕಾಯಿ ಹೆಚ್ಚಿ ತೋರಿಸಿ, ತನ್ನ ಚಾಕನ್ನು ಬಿಡಿಸಿಕೊಂಡು ಹೋದ.

ಅಂದು ಮಾವನ ಹೆಮ್ಮೆ ನೋಡಬೇಕಿತ್ತು. ಆದರೆ ಊಟಕ್ಕೆ ಒಳಗೆ ಹೋದರೆ ಅತ್ತೆ ನೆಲದ ಮೇಲೆ ಕೂತು ಈಳಿಗೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಮಾವನ ಮುಖ ಮತ್ತೆ ಬಾಡಿತು.

ಕಳೆದ ವರ್ಷ ಅತ್ತೆಯ ಮಂಡಿಗಳು ಊದಿಕೊಂಡವು. ಇನ್ನು ನೆಲದ ಮೇಲೆ ಕೂರುವಂತಿಲ್ಲ, ಈಳಿಗೆಮಣೆಯನ್ನು ಮರೆತುಬಿಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಹೆಂಡತಿಯ ಮಂಡಿನೋವಿಗೆ ಸಂತೋಷಪಡುವ ಗಂಡನನ್ನು ಏನೆಂದು ಕರೆಯೋಣ? ಮಾವ ಸಂತೋಷಪಟ್ಟರೆಂದು ನಾನು ಹೇಳಲಾರೆ. ಆದರೆ ಅಂದು ಸಂಜೆಯೇ ಅಡುಗೆಕಟ್ಟೆಯನ್ನು ಒರೆಸಿ, ಇಪ್ಪತ್ತೆರಡು ಚಾಕುಗಳನ್ನೂ ಎಳ್ಳೆಣ್ಣೆ ಹಚ್ಚಿ ಹೊಳಪಿಸಿ, ಮದುವಣಗಿತ್ತಿಯರನ್ನು ಸಾಲಾಗಿ ಕೂರಿಸಿದಂತೆ ಜೋಡಿಸಿಟ್ಟರೆಂಬುದು ಸತ್ಯಸಂಗತಿ.

ಮರುದಿನ ಬೆಳಿಗ್ಗೆ ಅತ್ತೆ ತರಕಾರಿ ಗಾಡಿಯವನ ಹತ್ತಿರ ಹಸಿರು ಪ್ಲಾಸ್ಟಿಕ್ ಹಿಡಿಯ ಚಾಕನ್ನು ಕೊಂಡುಕೊಂಡರು.

ಪ್ಲಾಸ್ಟಿಕ್ಕಿನ ವಿರುದ್ಧ ನಾನು ಮಾಡಿರುವ ಭಾಷಣಗಳಿಗೆ ಲೆಕ್ಕವಿಲ್ಲ. ಆದರೆ ಆ ವಸ್ತು ಒಬ್ಬ ಮನುಷ್ಯನಿಗೆ ಎಷ್ಟು ಹಾನಿಯನ್ನುಂಟುಮಾಡಬಲ್ಲದೆಂದು ನಾನು ಕಣ್ಣಾರೆ ಕಂಡದ್ದು ಆ ವಾರ. ಮಾವ ಶೆಡ್ಡಿಗೆ ಬೀಗ ಹಾಕಿದರು. ಬಂದವರಿಗೆಲ್ಲ ಕೆಲಸ ನಿಲ್ಲಿಸಿದ್ದೇನೆಂದು ಹೇಳಿ ಕಳುಹಿಸಿದರು. ನಾನು ವಿಚಾರಿಸಲು ಹೋದರೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. "ಕೈ ಓದಾಕೆ ಬರ್ತೈತೆ ಅಂತ ಊರೆಲ್ಲ ಹೇಳ್ಕಂಡು ತಿರುಗಿದೆ ಅಳಿಯಾ. ಮನೆ ಕೈಗೇ ಬ್ಯಾಡಾದ್ರೆ ಇದೆಲ್ಲ ಎದಕ್ಕೆ?"

ಇದನ್ನು ಬಗೆಹರಿಸುವುದು ನನ್ನ ಕರ್ತವ್ಯವೆಂದು ಭಾವಿಸಿದೆ. ನನ್ನಲ್ಲಿ ಸಿದ್ಧಾಂತವೊಂದು ಸಿದ್ಧವಾಗಿಯೇ ಇತ್ತು. ಅತ್ತೆಯ ಎದುರು ಕುಳಿತು, ಇದು ನಿಮ್ಮ ಮೌನ ಪ್ರತಿಭಟನೆಯಲ್ಲವೇ, ಬದುಕಿಡೀ ದುಡಿಸಿಕೊಂಡು ಹೆಣ್ಣಿಗೆ ದುಡಿಮೆಯ ಉಪಕರಣವನ್ನೇ ಉಡುಗೊರೆಯಾಗಿ ಕೊಡುವ ವ್ಯವಸ್ಥೆಗೆ ನೀವು ತೋರಿದ ನಿರಾಕರಣೆಯಲ್ಲವೇ ಎಂದು ವಿಸ್ತಾರವಾಗಿ ಕೇಳಿದೆ. ಅತ್ತೆ ಕೊತ್ತಂಬರಿ ಬಿಡಿಸುತ್ತ ಪೂರ್ತಿಯಾಗಿ ಕೇಳಿಸಿಕೊಂಡರು. "ಹಂಗೇನಿಲ್ಲಪ್ಪ. ಕಾಫಿ ಕುಡೀತೀಯಾ?" ಎಂದರು. ಕುಡಿದೆ. ಅದನ್ನು ಮಾಡಿದ್ದೂ ಅವರೇ.

ಕುಡಿದ ಲೋಟವನ್ನು ತೊಳೆಯುವಾಗ ನಾಚಿಕೆಯಾಯಿತು. ಮೂರು ತಿಂಗಳ ಶಿಕ್ಷೆಯನ್ನು ನಾನು ಅಷ್ಟರಲ್ಲಿ ಪೂರೈಸಿದ್ದೆನಾದ್ದರಿಂದ, ಕಟ್ಟೆಯ ಮೇಲಿದ್ದ ಹುರುಳಿಕಾಯಿಯನ್ನು ಎಳೆದುಕೊಂಡು ಹಸಿರು ಚಾಕಿನಲ್ಲಿ ಹೆಚ್ಚತೊಡಗಿದೆ. ಅತ್ತೆ ಪಕ್ಕದಲ್ಲಿ ನಿಂತು ನೋಡಿದರು. ಒಂದು ಹೋಳು ಗಿಡ್ಡ, ಒಂದು ಉದ್ದ, ಒಂದು ನೆಲದ ಮೇಲೆ. ಸ್ವಲ್ಪ ಹೊತ್ತು ತಡೆದುಕೊಂಡರು. ಕೊನೆಗೆ ತಡೆಯಲಾರದೆ, "ಸರಿ ಅತ್ಲಾಗೆ, ಸಂಜೆ ಆಗ್ತೈತೆ ನಿಂದು" ಎಂದು ಚಾಕನ್ನು ಕಿತ್ತುಕೊಂಡು ಹೆಚ್ಚಿದರು. ಎಂಥ ವೇಗ! ಎಂಥ ನಯ! ಒಂದೇ ಅಳತೆಯ ಓರೆ ಓರೆ ಹೋಳುಗಳು ಮಳೆಹನಿಯ ಹಾಗೆ ತಟಪಟನೆ ಬಿದ್ದವು.

ಎಡಗೈಯಲ್ಲಿ.

ನಾನು ನೋಡಿದ್ದನ್ನು ಅವರು ನೋಡಿದರು. ಚಾಕು ತಕ್ಷಣ ಬಲಗೈಗೆ ಹೋಯಿತು. ಅಲ್ಲಿ ಅದು ನನ್ನ ಕೈಯಲ್ಲಿದ್ದಷ್ಟೇ ಪೆದ್ದಾಗಿ ನಿಂತಿತು. "ಯಾರಿಗೂ ಹೇಳಬ್ಯಾಡಪ್ಪ," ಎಂದರು ಅತ್ತೆ.

ಆಮೇಲೆ ಅವರೇ ಹೇಳಿದರು, ಗ್ಯಾಸಿನ ಉರಿ ಸಣ್ಣ ಮಾಡಿ, ತಗ್ಗಿದ ದನಿಯಲ್ಲಿ. ಚಿಕ್ಕವರಿದ್ದಾಗ ಊಟಕ್ಕೆ ಕೂತರೆ ಅವರ ಅಜ್ಜಿ ಎಡಗೈಯನ್ನು ಬೆನ್ನ ಹಿಂದೆ ಬಟ್ಟೆಯಲ್ಲಿ ಕಟ್ಟುತ್ತಿದ್ದರಂತೆ. ಎಡಚಿ ಎಂದು ಗೊತ್ತಾದರೆ ಯಾರು ಮದುವೆಯಾಗುತ್ತಾರೆಂದು ಹೆದರಿಸುತ್ತಿದ್ದರಂತೆ. ಮಾವ ಹೆಣ್ಣು ನೋಡಲು ಬಂದ ದಿನ ಆ ಕೈಯನ್ನು ಸೀರೆಯ ನೆರಿಗೆಯೊಳಗೆ ಅಡಗಿಸಿ ಕೂರಿಸಿದ್ದರಂತೆ. "ಉಣ್ಣೋದು, ಬಡಿಸೋದು, ರಂಗೋಲಿ ಹಾಕೋದು ಎಲ್ಲಾ ಬಲಗೈಲಿ ಕಲ್ತೆ. ಚಾಕು ಒಂದು ಬರ್ಲಿಲ್ಲ ನೋಡು. ಈಳಿಗೆ ಆದ್ರೆ ಯಾವ ಕೈ ಅಂತ ಕೇಳಲ್ಲ." ಮಾವನ ಚಾಕುಗಳ ಹೆಬ್ಬೆರಳ ಕುಳಿಯೂ ಸಾಣೆಯೂ ಬಲಗೈಯವರದ್ದು, ಎಡಗೈಯಲ್ಲಿ ಹಿಡಿದರೆ ನವಿಲಿನ ಕೊಕ್ಕು ಅಂಗೈಗೆ ಚುಚ್ಚುತ್ತದೆ, ಹೋಳು ಅಡ್ಡಾದಿಡ್ಡಿಯಾಗುತ್ತದೆ. ಬೇಡವೆಂದರೆ ಕಾರಣ ಹೇಳಬೇಕು. ಕಾರಣ 'ಚಂದ ಐತೆ' ಎಂಬುದರ ಹಿಂದೆ ಅಡಗಿ ಕೂತಿತ್ತು.

ನಾಲ್ಕು ತಾಲ್ಲೂಕುಗಳ ಅನ್ಯಾಯಗಳನ್ನು ಹೆಸರಿಸಿದ ನಾನು, ವಾರಕ್ಕೆರಡು ಬಾರಿ ಊಟ ಮಾಡುತ್ತಿದ್ದ ಈ ಮನೆಯಲ್ಲಿ ಇದನ್ನು ಕಂಡಿರಲಿಲ್ಲ. ಇದನ್ನೊಂದು ಲೇಖನವಾಗಿ ಬರೆಯುತ್ತೇನೆ, ಸಭೆಯಲ್ಲಿ ಹೇಳುತ್ತೇನೆ ಎಂದೆ. "ಒಲ್ಲೆ," ಎಂದರು ಅತ್ತೆ. ಅವರು ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅದಕ್ಕೆ ಒಂದು ವರ್ಷ ಕಾಯಬೇಕಾಯಿತು.

ಅಂದು ನಾನು ಮಾವನ ಬಳಿ ಬಂದು ಒಂದೇ ಮಾತು ಹೇಳಿದೆ: ಅತ್ತೆಯ ಮುಷ್ಟಿಯ ಅಳತೆ ತೆಗೆಯಿರಿ. ಬೇರೇನನ್ನೂ ಹೇಳಲಿಲ್ಲ. ನನ್ನಂಥವನಿಗೆ ಅದೆಷ್ಟು ದೊಡ್ಡ ತಪಸ್ಸೆಂದು ನನ್ನನ್ನು ಬಲ್ಲವರು ಬಲ್ಲರು! ಮಾವ ಮೊದಲು ಗೊಣಗಿದರು. ಆಮೇಲೆ ಎದ್ದುಹೋಗಿ ಮಣ್ಣು ನೆನೆಸಿ ಅಡುಗೆಮನೆಗೆ ತಂದರು. ಅತ್ತೆ ಬಲಗೈ ಚಾಚಿದರು, ಉಂಡೆಯನ್ನು ಹಿಡಿದರು, ಕೊಟ್ಟರು. ಮಾವ ಅದರ ಮೇಲೆ ಹೆಬ್ಬೆರಳಾಡಿಸಿದರು. ಕಿಟಕಿಯ ಬೆಳಕಿಗೆ ಹಿಡಿದರು. ಮತ್ತೆ ಹೆಬ್ಬೆರಳಾಡಿಸಿದರು.

"ಈ ಕೈ ಚಾಕು ಹಿಡಿದಿಲ್ಲ," ಎಂದರು. ಅವರ ಕಣ್ಣು ನಿಧಾನವಾಗಿ ಸೆರಗಿನ ಮರೆಯಲ್ಲಿದ್ದ ಇನ್ನೊಂದು ಕೈಯ ಕಡೆಗೆ ಹೋಯಿತು. "ಅದನ್ನ ಕೊಡು."

ಅತ್ತೆ ನನ್ನತ್ತ ನೋಡಿದರು. ನಾನೇನೂ ಹೇಳಿಲ್ಲವೆಂದು ತಲೆಯಾಡಿಸಿದೆ. ಮಾವ ಅದೇ ಮಣ್ಣನ್ನು ಮತ್ತೆ ಉಂಡೆ ಕಟ್ಟಿ ಆ ಕೈಗಿಟ್ಟರು. ಈ ಬಾರಿ ಬೆಳಕಿಗೆ ಹಿಡಿಯುವ ಅಗತ್ಯವೇ ಅವರಿಗೆ ಬೀಳಲಿಲ್ಲ.

"ಹುರುಳಿಕಾಯಿ ಓರೆಯಾಗಿ ಹೆಚ್ತೀಯ ನೀನು."

"ಹೂಂ," ಎಂದರು ಅತ್ತೆ.

ಹಿತ್ತಿಲಿಗೆ ಬಂದು ಶೆಡ್ಡಿನ ಬೀಗ ತೆಗೆಯುತ್ತ ಮಾವ ಹೇಳಿದರು: "ಧಾರೆ ಎರೆಯುವಾಗ ಹಿಡಿದಿದ್ದು ಬಲಗೈ ಅಳಿಯಾ. ಅಲ್ಲಿಂದ ಇಲ್ಲೀತನಕ ಅದೊಂದನ್ನೇ ಹಿಡ್ಕಂಡು ಬಂದೀನಿ."

ಇಪ್ಪತ್ತಮೂರನೆಯ ಚಾಕಿಗೆ ಅವರು ಹನ್ನೊಂದು ದಿನ ತೆಗೆದುಕೊಂಡರು. ನವಿಲಿಲ್ಲ, ಗಿಳಿಯಿಲ್ಲ, ಹುಣಸೆಮರದ ಸಾದಾ ಹಿಡಿಯ ತುದಿಯಲ್ಲಿ ಒಂದೇ ಒಂದು ಹಸಿರು ಬಳೆಚೂರು. ಕುಳಿ ಆಚೆಯ ಮಗ್ಗುಲಿಗೆ, ಸಾಣೆಯೂ ಆಚೆಯ ಮಗ್ಗುಲಿಗೆ. ತಾವು ಪರೀಕ್ಷಿಸದ ಚಾಕನ್ನು ಮಾವ ಯಾರಿಗೂ ಕೊಟ್ಟವರಲ್ಲ; ಆದ್ದರಿಂದ ಎಡಗೈಯಲ್ಲಿ ಹೆಚ್ಚುವುದನ್ನು ಕಲಿಯತೊಡಗಿದರು. ಬಲಗೈಯ ಬೆರಳುಗಳಿಗೆ ಒಂದೊಂದಾಗಿ ಪಟ್ಟಿ ಬಂತು. ಅತ್ತೆ ಪಕ್ಕದಲ್ಲಿ ನಿಂತು, ಹಾಗಲ್ಲ ಹೀಗೆ ಎಂದು ತಿದ್ದುತ್ತ, ನಡುನಡುವೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಅವರು ಹಾಗೆ ನಗುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಚಾಕು ಅತ್ತೆಯ ಕೈಸೇರಿದ ದಿನ ಉಬ್ರಾಣಿಯಿಂದ ನೆಂಟರು ಬಂದಿದ್ದರು. ಎಲ್ಲರೆದುರಿಗೇ ನಿಂತು ಅತ್ತೆ ಆ ಚಾಕಿನಲ್ಲಿ ಹುರುಳಿಕಾಯಿ ಹೆಚ್ಚಿ ಪಲ್ಯ ಮಾಡಿದ್ದರು. ಊಟಕ್ಕೆ ಕೂತೆವು. ಅನ್ನಕ್ಕೆ ಸಾರು ಬಿತ್ತು. ಮಾವ ಬಲಗೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡರು. ಎಡಗೈಯಲ್ಲಿ ಅನ್ನ ಕಲಸತೊಡಗಿದರು. ಮೊದಲ ತುತ್ತು ಬಾಯಿ ತಲುಪುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ ಬಿತ್ತು. ಎರಡನೆಯದರ ಸಾರು ಮೊಣಕೈಯವರೆಗೆ ಇಳಿಯಿತು. ಹಾಗೆ ಉಣ್ಣಬಾರದೆಂದು ನೆಂಟರೊಬ್ಬರು ಮೆಲ್ಲಗೆ ಹೇಳಿದರು. ನನ್ನ ನಾಲಿಗೆಯ ತುದಿಗೆ ಒಂದು ಇಡೀ ಉಪನ್ಯಾಸ ಬಂದು ನಿಂತಿತ್ತು. ಮಾವ ಮಾತ್ರ ಯಾರ ಮುಖವನ್ನೂ ನೋಡದೆ, ಅಕ್ಷರಾಭ್ಯಾಸಕ್ಕೆ ಕೂತ ಮಗುವಿನ ಹಾಗೆ, ಮುಂದಿನ ತುತ್ತನ್ನು ಕಟ್ಟುತ್ತಿದ್ದರು.

ಬಡಿಸುತ್ತಿದ್ದ ಅತ್ತೆ ಸಾರಿನ ಪಾತ್ರೆಯನ್ನು ಹಿಡಿದು ನಿಂತಲ್ಲೇ ನಿಂತರು.

"ಸಾಕು ಬಿಡ್ರಿ," ಎಂದರು. "ಬಲಗೈಲಿ ಉಣ್ಣೋದು ಕಲಿಯಾಗ ನನಗೂ ಮೊದಮೊದಲು ಹಿಂಗೇ ಚೆಲ್ತಿತ್ತು."

ಮಾವ ಬಿಡಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಕೊನೆಯ ಅಗುಳಿನವರೆಗೂ ಎಡಗೈಯಲ್ಲೇ ಉಂಡು ಎದ್ದರು.